ಸಂತ ಅಂತೋಣಿಯವರನ್ನು ಪುಕ್ಕಟೆ ಕೊಟ್ಟದ್ದು

ಕೊಟ್ಟೂರಿನ ನನ್ನ ಅಂಗಡಿಯಲ್ಲಿ ಕಂಪ್ಯೂಟರಿನಲ್ಲೇ ಮೂರ್ತಿ ಕಡೆಯುತ್ತೇನೆ. ಮೇಣದಬತ್ತಿಯ ಅಚ್ಚು ಮಾಡುವವರಿಗೆಂದು, ಮಗುವನ್ನು ಎತ್ತಿಕೊಂಡ ಸಂತ ಅಂತೋಣಿಯವರನ್ನು ತಿಂಗಳುಗಟ್ಟಲೆ ಕೂತು ರೂಪಿಸಿದ್ದೆ. ನನ್ನ ಹತ್ತಿರವೇ ಕೆಲಸ ಕಲಿತ ಗೆಳೆಯ ಆ ಮೂರ್ತಿಯ ಕಂಪ್ಯೂಟರ್ ಫೈಲನ್ನು ಕದ್ದು, ಹಡಗಲಿಯಲ್ಲಿ ಅಂಗಡಿ ತೆರೆದು, ತನ್ನದೆಂದು ಆನ್‌ಲೈನಿನಲ್ಲಿ ಮಾರತೊಡಗಿದ. ಕೇಳಲು ಹೋದರೆ ಗಿರಾಕಿಗಳ ಮುಂದೆಯೇ ನಕ್ಕ.

"ಲಿಂಗ ಕಟ್ಟಿದಾಕಿಗೆ ಕಿರಿಸ್ತಾನರ ಸಂತ ಯಾಕ ಬೇಕು? ನಿಂದು ಅಂತ ಎಲ್ಲಿ ಬರದೈತಿ?"

ಮೈಯೆಲ್ಲ ಉರಿಯಿತು. ಮನೆಗೆ ಬಂದವಳೇ ಸಂತರ ಮುಖ, ಮಗುವಿನ ಬೆರಳು, ನಿಲುವಂಗಿಯ ಮಡಿಕೆಗಳನ್ನು ಮತ್ತೆ ತಿದ್ದಿದೆ. ಅವನ ಬಳಿ ಇದ್ದದ್ದಕ್ಕಿಂತ ಚೆಂದವಾದ ಮೇಲೆ, ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಿ ಎಂದು ಅಂತರ್ಜಾಲದಲ್ಲಿ ಹಾಕಿದೆ. ಅವನ ಗಿರಾಕಿಗಳು ಒಬ್ಬೊಬ್ಬರಾಗಿ ಇತ್ತ ಬಂದರು.

ಕೊನೆಗೆ ಅವನೇ ಫೋನು ಮಾಡಿದ. "ಆ ಪುಕ್ಕಟೆ ಫೈಲು ತೆಗದುಬಿಡವಾ, ನನ್ನ ಅಂಗಡಿ ಮುಚ್ಚೂ ಹಂಗಾಗೈತಿ."

"ಮುಚ್ಚಲಿ," ಎಂದೆ. ಪುಕ್ಕಟೆ ಕೊಟ್ಟು ನನ್ನ ದುಡಿಮೆಯೂ ಹೋಗಿತ್ತು. ಆದರೂ ಅಂದು ಹೊಟ್ಟೆ ತುಂಬ ಉಂಡೆ.