ಕಟಿಂಗ್ ಶಾಪಿನ ಗೋಡೆಯ ಮೇಲಿದ್ದ ಯುದ್ಧನೌಕೆ

ಕತ್ತಿಯನ್ನು ಗಂಟಲ ಮೇಲಿಟ್ಟು, ಎಡಗೈ ಹೆಬ್ಬೆರಳಿನಿಂದ ನಮ್ಮ ಗದ್ದವನ್ನು ಮೇಲಕ್ಕೆತ್ತಿ, ಆಮೇಲೆ ಅವರು ಪ್ರಶ್ನೆ ಕೇಳುತ್ತಿದ್ದರು. ಬಾಯಿ ಬಿಡುವ ಹಾಗಿಲ್ಲ. ಉತ್ತರ ಹೊಳೆದವರು ಕಣ್ಣಲ್ಲೇ ಸನ್ನೆ ಮಾಡಬೇಕು. ಆಗ ಕತ್ತಿ ಸರಿಸಿ, "ಹೂಂ, ಹೇಳಿ" ಎನ್ನುತ್ತಿದ್ದರು.

ಕಳಸದ ಪೇಟೆಯಲ್ಲಿ ಅವರ ಕಟಿಂಗ್ ಶಾಪಿಗೂ ಹಗ್ಗ, ಟಾರ್ಪಾಲು ಮಾರುವ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ತೋಟದ ಕಾಫಿ ಗಿಡಗಳೆಲ್ಲ ಮಾತಾಡಿಕೊಂಡ ಹಾಗೆ ಒಟ್ಟಿಗೇ ಹೇಗೆ ಹೂ ಬಿಡುತ್ತವೆ, ತಲೆ ಬೋಳಾದವರ ಗಡ್ಡ ಯಾಕೆ ಉದುರುವುದಿಲ್ಲ ಎಂದೆಲ್ಲ ಕೇಳುತ್ತಿದ್ದರು. ಆದರೆ ಅವರನ್ನು ಬಿಡದೆ ಕಾಡುತ್ತಿದ್ದದ್ದು ಕನ್ನಡಿಯ ಮೇಲೆ ತೂಗುಹಾಕಿದ್ದ ಫೋಟೋ.

ಅದರಲ್ಲಿ ಅಗಲವಾದ ಒಂದು ನದಿ, ದಡದಲ್ಲಿ ಖರ್ಜೂರದ ಮರಗಳು, ನಡುವೆ ಬೂದು ಬಣ್ಣದ ಚಪ್ಪಟೆ ಹಡಗು. ಮೈತುಂಬ ಉಕ್ಕಿನ ಹಾಳೆ, ಮುಂದುಗಡೆ ಗುಂಡು ಹಾರಿಸುವ ಒಂದು ತೋಪು. ಮೊದಲ ಮಹಾಯುದ್ಧದ ಕಾಲದಲ್ಲಿ ಅವರ ಅಜ್ಜ ಸೈನ್ಯದ ಜೊತೆ ಕ್ಷೌರಿಕರಾಗಿ ಬಸ್ರಾಕ್ಕೆ ಹೋಗಿದ್ದರಂತೆ. ಟೈಗ್ರಿಸ್ ನದಿಯಲ್ಲಿ ಓಡಾಡುತ್ತಿದ್ದ ಆ ಯುದ್ಧನೌಕೆಯವರ ಗಡ್ಡ ಹೆರೆದು, ಫೋಟೋ ತಂದಿದ್ದರಂತೆ. ಸೊಂಟದಷ್ಟು ನೀರಿದ್ದರೂ ಅದು ಹೋಗುತ್ತಿತ್ತು ಎಂದು ಅಜ್ಜ ಹೇಳಿದ್ದರು. ಬೇಸಿಗೆಯಲ್ಲಿ ಇವರು ಭದ್ರಾ ಹೊಳೆಗಿಳಿದು, ಸೊಂಟದ ಸುತ್ತ ನೀರನ್ನು ಕೈಯಲ್ಲಿ ಸವರುತ್ತಾ, "ಇಷ್ಟರಲ್ಲಿ ಕಬ್ಬಿಣದ ಹಡಗು!" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಒಂದು ಭಾನುವಾರ ಶಾಪು ತುಂಬಿತ್ತು. ಕುರ್ಚಿಯಲ್ಲಿ ನಾನಿದ್ದೆ.

"ನಮ್ಮ ದೋಣೀಲಿ ಒಬ್ಬ ಬದಿಗೆ ವಾಲಿದ್ರೆ ಮಗುಚ್ತದೆ. ಇದ್ರಲ್ಲಿ ತೋಪನ್ನ ಪಕ್ಕಕ್ಕೆ ಹೊಡೆದ್ರೆ ಹಡಗು ಮಗುಚೋದಿಲ್ವಾ? ನೀವು ಓದಿದವ್ರು, ಹೇಳಿ."

ನಾನು ಎಸ್ಸೆಸ್ಸೆಲ್ಸಿ. ಆ ಬೀದಿಯಲ್ಲಿ ಅದೇ ದೊಡ್ಡದು. ಗೊತ್ತಿಲ್ಲ ಎಂದು ಹೇಳಿ ನನಗೆ ರೂಢಿಯಿರಲಿಲ್ಲ.

"ಅದು ಮರದಲ್ಲಿ ಮಾಡಿದ ತೋಪು ಮಾರಾಯ್ರೆ" ಎಂದೆ. "ಬಣ್ಣ ಬಳಿದು ಇಟ್ಟದ್ದು, ದಡದವ್ರನ್ನ ಹೆದರಿಸೋದಕ್ಕೆ. ಪುಸ್ತಕದಲ್ಲಿ ಓದಿದ್ದೇನೆ."

ಅಂಥ ಪುಸ್ತಕವೇ ಇರಲಿಲ್ಲ.

ಬೆಂಚಿನ ಮೇಲಿದ್ದ ಜೀಪ್ ಡ್ರೈವರ್ ಬಿಡಲಿಲ್ಲ. "ಹಂಗಾದ್ರೆ ನಿಮ್ಮಜ್ಜ ಗದ್ದೇಲಿ ಹಕ್ಕಿ ಹೆದರಿಸೋ ಬೆರ್ಚಪ್ಪಂಗೆ ಗಡ್ಡ ಹೆರೆಯೋಕೆ ಅಲ್ಲೀತನಕ ಹೋದದ್ದಾ?"

ಎಲ್ಲರೂ ನಕ್ಕರು. ಅವರೂ ನಕ್ಕರು. ಆದರೆ ನನ್ನ ಇನ್ನೊಂದು ಕೆನ್ನೆಗೆ ಸೋಪು ಹಚ್ಚುವುದನ್ನೇ ಮರೆತರು.

ಮುಂದಿನ ಸಲ ಹೋದಾಗ ಫೋಟೋ ಇರಲಿಲ್ಲ. ಅದಿದ್ದ ಜಾಗದ ಸುಣ್ಣ ಮಾತ್ರ ಬೆಳ್ಳಗಿತ್ತು. ಕತ್ತಿ ಗಂಟಲ ಮೇಲೆ ಬಂತು, ಪ್ರಶ್ನೆ ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ. ಗೋಡೆಯಾಚೆಯಿಂದ ಕತ್ತರಿಯ ಸದ್ದಷ್ಟೇ ನನಗೆ ಕೇಳುತ್ತಿತ್ತು.

ಕೆಲವು ವರ್ಷಗಳಾದ ಮೇಲೆ ನೌಕಾಪಡೆಯಿಂದ ನಿವೃತ್ತರಾದ ಒಬ್ಬರು ಟಾರ್ಪಾಲು ಕೊಳ್ಳಲು ನನ್ನ ಅಂಗಡಿಗೆ ಬಂದರು. ನಾನೇ ಕೆದಕಿ ಕೇಳಿದೆ. ಅವರು ಟಾರ್ಪಾಲಿನ ಮೇಲೆ ಅಂಗೈ ಚಪ್ಪಟೆಯಾಗಿಟ್ಟು ತೋರಿಸಿದರು. ನದಿಯ ಯುದ್ಧನೌಕೆಗೆ ತಳ ಹೀಗೆ ಅಗಲ, ಸಮತಟ್ಟು. ಅದಕ್ಕೇ ಕಡಿಮೆ ನೀರಿನಲ್ಲೂ ತೇಲುತ್ತದೆ, ತೋಪು ಪಕ್ಕಕ್ಕೆ ಸಿಡಿದರೂ ಅಲುಗಾಡಿ ನಿಲ್ಲುತ್ತದೆ, ಮಗುಚುವುದಿಲ್ಲ. "ಮರದ ತೋಪಾ? ಯಾರ್ರೀ ಹೇಳಿದ್ದು ನಿಮಗೆ?" ಎಂದು ಅವರು ನಕ್ಕರು.

ಆ ಹೊತ್ತಿಗೆ ಗೋಡೆಯಾಚೆ ಕತ್ತರಿ ಆಡುತ್ತಿತ್ತು. ಎದ್ದು ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಅದೇ ಬೆಂಚಿನವರ ಮುಂದೆ, ನಾನು ಸುಳ್ಳು ಹೇಳಿದ್ದೆ ಎನ್ನಬೇಕಿತ್ತಲ್ಲ. ಇವತ್ತು ಬೇಡ, ನಾಳೆ ಎನ್ನುತ್ತಲೇ ನಾನೂ ಮುದುಕನಾದೆ, ಅವರು ಹಾಸಿಗೆ ಹಿಡಿದರು.

ಕಳೆದ ಬೇಸಿಗೆಯಲ್ಲಿ ಅವರ ಮನೆಗೆ ಹೋಗಿ, ಮಂಚದ ಪಕ್ಕ ಕುಳಿತು ಎಲ್ಲ ಹೇಳಿದೆ. ಮರದ ತೋಪು ನನ್ನ ಬಾಯಿಂದಲೇ ಹುಟ್ಟಿದ್ದು ಎಂದೂ, ನಿಜ ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ ಎಂದೂ. ಬೈಯಲಿ ಎಂದು ಕಾದೆ. ಅವರು ಹೆಂಡತಿಯನ್ನು ಕೂಗಿದರು.

"ಇವ್ಳೇ, ಅಟ್ಟದಲ್ಲಿ ಅಜ್ಜನ ಫೋಟೋ ಉಂಟಲ್ಲ, ತಗೊಂಡ್ ಬಾ. ನಿಜವಾದ ತೋಪೇ ಅಂತೆ!"

ಗಾಜಿನ ಧೂಳನ್ನು ಅಂಗೈಯಲ್ಲೇ ಒರೆಸಿ ಬಹಳ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳು ನನ್ನ ಗದ್ದದ ಕಡೆಗೇ ಬಂತು, ಮೊದಲಿನ ಹಾಗೆ.

"ಅಲ್ಲ, ಅಷ್ಟು ಕಮ್ಮಿ ನೀರಲ್ಲಿ ಹಡಗನ್ನ ನೂಕೋ ತಳದ ಫ್ಯಾನು ಮರಳಿಗೆ ತಾಗೋದಿಲ್ವಾ?"

"ಗೊತ್ತಿಲ್ಲ" ಎಂದೆ.

"ಅಬ್ಬ! ಈ ಸಲ ಗೊತ್ತಿಲ್ಲ ಅಂದ್ರಲ್ಲ ಮಾರಾಯ್ರೆ" ಎಂದು ಕೆಮ್ಮುತ್ತಾ ನಕ್ಕರು.

ಮಳೆಗಾಲ ಹಿಡಿಯುವ ಮೊದಲೇ ಅವರು ಹೋಗಿಬಿಟ್ಟರು.

ನಾನು ಸಿಕ್ಕಸಿಕ್ಕವರನ್ನು ಕೇಳುತ್ತಾ ಹೋದೆ. ಕೊನೆಗೆ ಚಿಕ್ಕಮಗಳೂರಿನ ಬಸ್ಸಿನಲ್ಲಿ ಪಕ್ಕ ಕುಳಿತ ಒಬ್ಬ ಎಂಜಿನಿಯರ್ ಹೇಳಿದರು. ಅಂಥ ಹಡಗುಗಳ ತಳದಲ್ಲಿ ಕಮಾನಿನ ಹಾಗೆ ಒಂದು ಸುರಂಗ ಮೇಲಕ್ಕೆ ಕೊರೆದಿರುತ್ತಿತ್ತಂತೆ. ಫ್ಯಾನು ಅದರೊಳಗೆ ಮರಳಿಗೆ ಸಿಗದಷ್ಟು ಎತ್ತರದಲ್ಲಿ ಕೂತಿರುತ್ತದೆ. ತಿರುಗತೊಡಗಿದರೆ ತಾನೇ ನೀರನ್ನೆಳೆದು ಸುರಂಗವನ್ನು ತುಂಬಿಸಿಕೊಳ್ಳುತ್ತದೆ.

ಕಳಸದಲ್ಲಿ ಇಳಿದವನು ನೇರ ಕಟಿಂಗ್ ಶಾಪಿಗೆ ಹೋದೆ. ಈಗ ಅದನ್ನು ಅವರ ಅಳಿಯ ನಡೆಸುತ್ತಾನೆ. ಫೋಟೋ ಮತ್ತೆ ಕನ್ನಡಿಯ ಮೇಲೇರಿದೆ. ಬೆಂಚಿನವರೆಲ್ಲ ಕೇಳುವ ಹಾಗೆ, ಮರದ ತೋಪಿನ ಸುಳ್ಳಿನಿಂದ ಹಿಡಿದು ಸುರಂಗದವರೆಗೆ ಎಲ್ಲ ಹೇಳಿದೆ. ಹೇಳಿ ಮುಗಿಸಿದ್ದೇ, ಗದ್ದದಡಿ ಆ ಹೆಬ್ಬೆರಳು ಬಂದ ಹಾಗಾಯಿತು. ನೀರಿನ ಜೊತೆ ಮರಳೂ ಆ ಸುರಂಗಕ್ಕೆ ನುಗ್ಗೋದಿಲ್ವಾ?

ಗೊತ್ತಿಲ್ಲ ಮಾರಾಯ್ರೆ. ಕೇಳ್ತಾ ಇದ್ದೇನೆ.