ಮೂರನೆಯ ಎಲೆ

ಸಾಂಬ್ರಾಣಿ ಹೊಗೆಯೂ ಮಟನ್ ಸಾರಿನ ಘಮವೂ ಒಟ್ಟಿಗೆ ಮೂಗಿಗೆ ಬಡಿದರೆ ನಿಮಗೆ ಹಸಿವಾಗಬಹುದು. ನನಗೆ ಇದ್ದ ಹಸಿವೂ ಹೋಗುತ್ತದೆ. ಇವತ್ತು ಬೆಳಿಗ್ಗೆ, ಅಮಾವಾಸ್ಯೆಗೆ ಇನ್ನೂ ದಿನವಿರುವಾಗಲೇ, ಹಿಂದಿನ ಬೀದಿಯ ಯಾವುದೋ ಮನೆಯಿಂದ ಆ ವಾಸನೆ ಬಂತು. ಹೋದ ವರ್ಷದ ಮಹಾಲಯ ಅಮಾವಾಸ್ಯೆ ನೆನಪಾಯಿತು.

ಅಂದು ಬೆಂಗಳೂರಿನ ಇಟ್ಟಮಡುವಿನಲ್ಲಿ ನಮ್ಮ ಮನೆಯ ಮಾಲೀಕರಾದ ಹೊನ್ನಮ್ಮನವರ ನಡುಮನೆಯಲ್ಲಿ ಸೇರಿದ್ದವರು ಹೊನ್ನಮ್ಮ, ಅವರ ಸೊಸೆ ಶೋಭಾ, ಮಹಡಿಯ ಮೇಲೆ ಬಾಡಿಗೆಗಿರುವ ಹಾವೇರಿ ಕಡೆಯ ವೀರೇಶ, ಮತ್ತು ಊಟವಿದ್ದ ಕಡೆ ತಪ್ಪದೆ ಹಾಜರಾಗುವ ನಾನು. ಹಿರಿಯರಿಗೆ ಎಡೆ ಇಡುವ ದಿನ. ತೀರಿಕೊಂಡವರಿಗೆ ಏನು ಇಷ್ಟವಿತ್ತೋ ಅದನ್ನೇ ಎಲೆಗೆ ಬಡಿಸಬೇಕು. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು, ಅವರು ಬಂದು ನೆಮ್ಮದಿಯಾಗಿ ಉಣ್ಣಲಿ ಅಂತ. ಹೊನ್ನಮ್ಮನ ಮಾವನ ಎಲೆಗೆ ಮುದ್ದೆ, ತಲೆಮಾಂಸ, ಒಂದು ಕಟ್ಟು ಬೀಡಿ. ಅತ್ತೆಯ ಎಲೆಗೆ ಕಜ್ಜಾಯ, ಎಲೆಯಡಿಕೆ. ಪಕ್ಕದಲ್ಲಿ ಮೂರನೆಯ ಎಲೆ, ಬರಿದು.

ಅದು ಬೀದಿಯವರೆಲ್ಲ ತಾತ ಎನ್ನುತ್ತಿದ್ದ ಮುದುಕನದು. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎದುರಿಗೆ ಮುಚ್ಚಿಹೋಗಿರುವ ಸೈಕಲ್ ಅಂಗಡಿಯ ಶೆಟರಿನ ಮುಂದೆ ವರ್ಷಗಟ್ಟಲೆ ಮಲಗುತ್ತಿದ್ದ. ಚಳಿಗಾಲದ ಒಂದು ಬೆಳಿಗ್ಗೆ ಏಳಲಿಲ್ಲ. ಪೊಲೀಸರು ಒಯ್ದರು, ಕೇಳಿಕೊಂಡು ಯಾರೂ ಬರಲಿಲ್ಲವೆಂದು ಆಮೇಲೆ ತಿಳಿಯಿತು. ಅವನಿಗೆ ಎಡೆ ಇಡುವವರು ಯಾರು ಎಂಬ ಚಿಂತೆ ಅಂದಿನಿಂದಲೇ ಹೊನ್ನಮ್ಮನಿಗೆ ಹತ್ತಿತ್ತು.

“ಆವಯ್ಯನಿಗೆ ಏನಿಷ್ಟ? ಯಾರಾದ್ರೂ ಹೇಳ್ರಪ್ಪ.”

“ಬಿರಿಯಾನಿ ಅತ್ತೆ,” ಎಂದಳು ಶೋಭಾ. “ಭಾನುವಾರ ಕೊಟ್ರೆ ಒಂದಗಳೂ ಬಿಡ್ತಿರ್ಲಿಲ್ಲ.”

“ಮಿಕ್ಕಿದ ಉಪ್ಪಿಟ್ಟು ಕೊಟ್ಟಾಗ್ಲೂ ಬಿಟ್ಟಿಲ್ವಲ್ಲೇ.”

ವೀರೇಶ ಸಂಕೋಚದಿಂದ ಹೇಳಿದ: “ನಾ ಖಡಕ್ ರೊಟ್ಟಿ ಕೊಟ್ಟಿದ್ನಿರಿ ಆಂಟಿ. ಭಾಳ ರುಚಿ ಐತಿ ಅಂತ ತಿಂದ್ರು.”

“ಹಲ್ಲೇ ಇರ್ಲಿಲ್ಲ ಕಣಪ್ಪ ಅವನಿಗೆ,” ಎಂದರು ಹೊನ್ನಮ್ಮ.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ತಾತನ ಪಕ್ಕದಲ್ಲಿ ಕೂತು ದಿನವೂ ಹರಟುತ್ತಿದ್ದವನು ನಾನು. ಆ ಹರಟೆಯಲ್ಲಿ ಮಾತೆಲ್ಲ ನನ್ನದು, ಹೂಂಗುಟ್ಟುವುದಷ್ಟೇ ಅವನದು. ನನ್ನ ಸೋದರಮಾವನ ಮದುವೆಯ ಹೋಳಿಗೆಯ ಕತೆ ಅವನಿಗೆ ಬಾಯಿಪಾಠವಾಗಿದ್ದಿರಬೇಕು. ಅವನು ಉಂಡ ಒಂದು ಊಟದ ಕತೆಯೂ ನನ್ನ ಹತ್ತಿರ ಇರಲಿಲ್ಲ.

ಚಪ್ಪಲಿ ಮೆಟ್ಟಿ ಮೂಲೆಯ ಟೀ ಅಂಗಡಿಗೆ ಓಡಿದೆ. “ನೀವು ಕೊಡ್ಸಿದ್ದು ಕುಡೀತಿದ್ರು ಸಾರ್,” ಎಂದ ಟೀಯವನು. “ಅವರಾಗಿ ಇಂಥದ್ದು ಕೊಡು ಅಂತ ಕೇಳಿದ್ದಿಲ್ಲ.” ಬೇಕರಿಯಲ್ಲೂ ಅದೇ ಮಾತು. ಯಾರು ಏನು ಕೊಟ್ಟರೆಂದು ಬೀದಿಗೆಲ್ಲ ನೆನಪಿತ್ತು.

ವಾಪಸು ಬಂದಾಗ ಮುದ್ದೆ ಆರುತ್ತಿತ್ತು. “ಅವರಿಬ್ರು ಉಣ್ತಾ ಇದ್ರೆ ಇವನು ನೋಡ್ಕೊಂಡು ಕೂತಿರ್ಬೇಕಾ?” ಎಂದ ಹೊನ್ನಮ್ಮ ಒಲೆಯ ಮೇಲಿದ್ದ ಎಲ್ಲ ಪಾತ್ರೆಗಳಿಂದ ಒಂದೊಂದು ತುತ್ತು ತೆಗೆದು ಆ ಎಲೆಗೆ ಹಾಕಿದರು. “ಇವತ್ತೂ ನಾವು ಕೊಟ್ಟಿದ್ದನ್ನೇ ತಿನ್ಬೇಕು, ನೋಡಿ.”

ಬಾಗಿಲು ಮುಚ್ಚಿದೆವು. ಹೊರಗೆ ನಿಂತ ಅಷ್ಟು ಹೊತ್ತೂ ನಾನು ಎದುರಿನ ಶೆಟರನ್ನೇ ನೋಡುತ್ತಿದ್ದೆ.

ಈಗ ಆ ಶೆಟರಿನ ಮುಂದೆ ಹೊಸಬನೊಬ್ಬ ಮಲಗುತ್ತಾನೆ. ಮೊನ್ನೆ ಅವನ ಹತ್ತಿರ ಹೋಗಿ, ತಿನ್ನಲಿಕ್ಕೆ ಏನಿಷ್ಟ ಎಂದು ಕೇಳಿದೆ. ಅವನು ಗಾಬರಿಯಿಂದ ಕಂಬಳಿ ಸುತ್ತತೊಡಗಿದ. “ಬೇರೆ ಕಡೆ ಹೋಗ್ತೀನಿ ಸಾರ್. ಕಂಪ್ಲೇಂಟ್ ಕೊಡ್ಬೇಡಿ.” ನಾನು ಏನು ಹೇಳಿದರೂ ನಂಬದೆ ಹೊರಟೇಹೋದ. ನಿನ್ನೆ ಇಡೀ ದಿನ ಆ ಜಾಗ ಖಾಲಿಯಿತ್ತು. ಕೇಳಬಾರದಿತ್ತೇನೋ ಎಂದು ಕಿಟಕಿಗೂ ಗೇಟಿಗೂ ಓಡಾಡಿದೆ.

ಇವತ್ತು ಸಂಜೆ ಅವನೇ ಗೇಟಿನ ಹೊರಗೆ ನಿಂತಿದ್ದ.

“ಮೊನ್ನೆ ಕೇಳಿದ್ರಲ್ಲ ಸಾರ್. ಹುರುಳಿಕಾಳು ಬಸ್ಸಾರು.”

ಜಗಲಿಯ ಮೇಲಿದ್ದ ಹೊನ್ನಮ್ಮ ಎದ್ದು ಒಳಗೆ ಹೋಗಿ ಹುರುಳಿಕಾಳು ನೆನೆಹಾಕಿದರು.