ಹಾಗಲಕಾಯಿ ರಸ ಕುಡಿದವರ ಮನೆಯ ಹಳಸಲು

ಇವತ್ತು ಶುಭ ಶುಕ್ರವಾರ. ಚರ್ಚಿನಿಂದ ತಂದ ಹಾಗಲಕಾಯಿ ರಸದ ಲೋಟ ಹಿಡಿದು ಮೊಮ್ಮಗಳು ಫೋಟೊ ತೆಗೆದುಕೊಳ್ಳುತ್ತಿದ್ದಳು. ಆ ವಾಸನೆಗೆ ಪಿರಿಯಾಪಟ್ಟಣದ ನಮ್ಮ ಹಳೆಯ ಅಡುಗೆಮನೆ ನೆನಪಾಯಿತು.

ಶಿಲುಬೆಯ ಮೇಲೆ ಕಹಿ ಕುಡಿದ ಯೇಸುವಿನ ಪಾಡು ನೆನೆದು ನನ್ನಜ್ಜಿ ಆ ಕಹಿಯನ್ನು ಮುಖ ಸಿಂಡರಿಸದೆ ಕುಡಿದು, ಎಲ್ಲರಿಂದ ಹೊಗಳಿಸಿಕೊಳ್ಳುತ್ತಿದ್ದಳು. ಒಂದು ವರ್ಷ ಹಾಗೆ ಕುಡಿದು ಬಂದವಳೇ, ಹೊಗೆಸೊಪ್ಪಿನ ಸಸಿಗೆ ನೀರು ಹಾಕುತ್ತಿದ್ದ ಕೂಲಿಯಾಳು ಕಾಳಮ್ಮನನ್ನು ಕರೆದು ಹಳಸಿ ನೊರೆ ಬಂದ ಅನ್ನ ಬಡಿಸಿದಳು.

"ಉಣ್ಣು ಕಣೇ, ಅಸಿದೋರಿಗೆ ಎಂತಾ ರುಚಿ?"

ಅಮ್ಮ ಆ ತಟ್ಟೆ ಕಿತ್ತು ಅಜ್ಜಿಯ ಮುಂದಿಟ್ಟಳು. "ಕಹಿ ಕುಡುದ್ರಲ್ಲ ಅತ್ತೆಮ್ಮ, ಇದ್ನೂ ಒಂದು ತುತ್ತು ಉಣ್ಣಿ."

ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಮೇಲೆ ಒಲೆ ಹಚ್ಚಿ ಕಾಳಮ್ಮನಿಗೆ ಬಿಸಿ ಮುದ್ದೆ ಮಾಡಿಕೊಟ್ಟಳು. ಅಂದಿನಿಂದ ಕಾಳಮ್ಮ ಉಂಡ ಮೇಲೆಯೇ ತಾನು ಉಣ್ಣುತ್ತಿದ್ದಳು.

ಇದನ್ನೆಲ್ಲ ಹೇಳಿ ಮೊಮ್ಮಗಳನ್ನು ಕೇಳಿದೆ: "ಪಾತ್ರೆ ತೊಳೆಯೋ ಮಂಜುಳಂಗೆ ಬೆಳಿಗ್ಗೆ ಏನ್ ಕೊಟ್ಟೆ?"

ಅವಳು ಲೋಟ ಕೆಳಗಿಟ್ಟಳು. "ಮೊನ್ನೆ ಮಾಡಿದ್ದ ಉಪ್ಪಿಟ್ಟು, ಅಜ್ಜಿ."